ಹೊಗೆ ಹಿಡಿಯೋಕೆ ಹೋದ ಸಂಜೆ

ಇದು ಬಾಗಲಕೋಟೆ ಜಿಲ್ಲೆಯ ಮುಧೋಳದ ಕಡೆ. ಘಟಪ್ರಭಾ ದಂಡೆಯ ಕಬ್ಬಿನ ಸೀಮೆ. ಈ ಹೊಲದ ಕಬ್ಬು ಕಡಿದು ನಾಲ್ಕು ದಿನ ಆಗಿದೆ. ನೆಲ ಕಾಣದಷ್ಟು ರವದಿ, ಅಂದರೆ ಕಬ್ಬಿನ ಒಣ ಎಲೆ, ಬಿದ್ದಿದೆ, ನೋಡಿ. ಕಡಿದ ಬುಡದಿಂದ ಮತ್ತೆ ಚಿಗುರುವ ಕೂಳೆ ಬೆಳೆಗೆ ನೀರು ಹಾಯಿಸಬೇಕು. ರವದಿ ಇದ್ದರೆ ಸಾಲಿನಲ್ಲಿ ನೀರು ಮುಂದೆ ಹೋಗಲ್ಲ. ಅದಕ್ಕೇ ಬೆಂಕಿ.

"ಮೇಡಂ, ಹೊಗಿ ಡಬ್ಬ್ಯಾಗ ತುಂಬ್ಕೊಂಡು ಒಯ್ತೀರೇನ್ರಿ?" ಅಂತ ಹೊಲದ ಯಜಮಾನರು ನಕ್ಕರು. ಹೌದು, ಅದೇ ನನ್ನ ಕೆಲಸ! ಒಂದು ಕೆಜಿ ರವದಿ ಉರಿದರೆ ಯಾವ ಅನಿಲ ಎಷ್ಟು ಬರುತ್ತದೆ ಅಂತ ಲೆಕ್ಕ ಹಾಕಬೇಕು.

ಈ ಸ್ಟೀಲ್ ಡಬ್ಬಿಯ ಗಾಳಿಯನ್ನೆಲ್ಲ ಲ್ಯಾಬಿನಲ್ಲೇ ಹೊರಗೆ ಎಳೆದಿದ್ದೇವೆ. ವಾಲ್ವ್ ತಿರುಗಿಸಿದರೆ ಸಾಕು, ಹೊಗೆ ತಾನೇ ಒಳಗೆ ನುಗ್ಗುತ್ತದೆ. ಕಾರ್ ಬ್ಯಾಟರಿಗೆ ಜೋಡಿಸಿದ ಆ ಪೆಟ್ಟಿಗೆ ಕಾರ್ಬನ್ ಡೈಆಕ್ಸೈಡ್ ಮತ್ತು ಕಾರ್ಬನ್ ಮೊನಾಕ್ಸೈಡ್ ಅಳೆಯುತ್ತದೆ. ಬೆಂಕಿ ಹಚ್ಚುವ ಮೊದಲು ಒಳ್ಳೆಯ ಗಾಳಿಯನ್ನೂ ಹಿಡಿಯಬೇಕು. ಹೊಗೆಯಲ್ಲಿ ಎಷ್ಟು ಜಾಸ್ತಿ ಅಂತ ಹೇಳೋಕೆ ಅದು ಬೇಕು. ಮೊದಲ ಎರಡು ಡಬ್ಬಿ ನಾನೇ ಹಾಳು ಮಾಡಿದೆ. ಪಕ್ಕದಲ್ಲೇ ನಮ್ಮ ಜೀಪಿನ ಎಂಜಿನ್ ಓಡುತ್ತಿತ್ತು!

ಹೊಲದ ರವದಿಯನ್ನೆಲ್ಲ ತೂಕ ಹಾಕಿಲ್ಲ, ಹೊಗೆ ಬೇರೆ ಗಾಳಿಗೆ ಹರಡಿಹೋಗುತ್ತದೆ. ಹಾಗಿದ್ದರೆ ಲೆಕ್ಕ ಹೇಗೆ, ಅಲ್ವಾ? ಬೆಲ್ಲದ ಪಾನಕಕ್ಕೆ ನೀರು ಬೆರೆಸಿ. ಸಿಹಿ ಇಳಿಯುತ್ತದೆ, ಆದರೆ ಇಷ್ಟು ಬೆಲ್ಲಕ್ಕೆ ಇಷ್ಟು ಏಲಕ್ಕಿ ಅನ್ನೋ ಲೆಕ್ಕ ಹಾಗೇ ಉಳಿಯುತ್ತದೆ. ಹೊಗೆಯೂ ಹಾಗೇ, ಎಷ್ಟು ಹರಡಿದರೂ ಅದರೊಳಗಿನ ಅನಿಲಗಳ ಪಾಲು ಹಾಗೇ ಉಳಿಯುತ್ತದೆ. ಒಣ ರವದಿಯ ತೂಕದಲ್ಲಿ ಶೇ 40ರಿಂದ 45ರಷ್ಟು ಕಾರ್ಬನ್. ಉರಿದಾಗ ಅದು ಹೆಚ್ಚುಕಡಿಮೆ ಎಲ್ಲಾ ಅನಿಲವಾಗಿಯೇ ಹೊರಬರುತ್ತದೆ. ಯಾವ ಅನಿಲದಲ್ಲಿ ಎಷ್ಟು ಪಾಲು ಅಂತ ಸಿಕ್ಕರೆ, ಒಂದು ಕೆಜಿ ರವದಿಗೆ ಎಷ್ಟು ಗ್ರಾಂ ಅಂತ ಹೇಳಬಹುದು.

ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ಸಮಿತಿ ಐಪಿಸಿಸಿಯ 2006ರ ಪಟ್ಟಿಯಲ್ಲಿ ಕೃಷಿ ಕಸಕ್ಕೆ ಕೆಜಿಗೆ 1,515 ಗ್ರಾಂ ಕಾರ್ಬನ್ ಡೈಆಕ್ಸೈಡ್, 92 ಗ್ರಾಂ ಮೊನಾಕ್ಸೈಡ್, 2.7 ಗ್ರಾಂ ಮೀಥೇನ್ ಅಂತಿದೆ. ಒಂದು ಕೆಜಿಯಿಂದ ಒಂದೂವರೆ ಕೆಜಿಯೇ? ಹೌದು, ಗಾಳಿಯ ಆಮ್ಲಜನಕದ ತೂಕವೂ ಸೇರುತ್ತದೆ. ಆದರೆ ಭತ್ತದ ಹುಲ್ಲಿಗೂ ರವದಿಗೂ ಅದೇ ಒಂದು ಅಂಕಿ. ನನಗೆ ಅದು ಒಪ್ಪಿಗೆಯಿಲ್ಲ. ಅದಕ್ಕೇ ಇಲ್ಲಿಗೆ ಬಂದೆ.

ಬೆಂಕಿ ಬಿತ್ತು. ಆಳೆತ್ತರದ ಜ್ವಾಲೆ, ಪಟಪಟ ಸದ್ದು. ವಿಡಿಯೊಗೆ ಇದೇ ಚೆಂದ. ಆದರೆ ಜ್ವಾಲೆ ಜೋರಾಗಿದ್ದಾಗ ನೂರರಲ್ಲಿ 95ಕ್ಕೂ ಹೆಚ್ಚು ಪಾಲು ಕಾರ್ಬನ್, ಡೈಆಕ್ಸೈಡ್ ಆಗಿಯೇ ಹೋಗುತ್ತದೆ. ಹತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು.

"ಆತಲ್ರಿ, ಚಾ ಕುಡೀಲಿಕ್ಕ ಬರ್ರಿ" ಅಂದರು ಯಜಮಾನರು.

ಚಹಾ ಆಮೇಲೆ. ಅಲ್ಲಿ ಬದುವಿನ ಹತ್ತಿರ ಹಸಿ ರವದಿ ಸುಮ್ನೆ ಹೊಗೆಯಾಡುತ್ತಿದೆ, ನೋಡಿ. ಜ್ವಾಲೆ ಇಲ್ಲ. ಕಾರ್ಬನ್ ಪೂರ್ತಿ ಉರಿಯುವುದಿಲ್ಲ. ಮೊನಾಕ್ಸೈಡ್, ಮೀಥೇನ್, ಅಮೋನಿಯಾ ಎಲ್ಲಾ ಏರುವುದು ಈಗಲೇ. ಅಮೋನಿಯಾ ಮಾತ್ರ ಡಬ್ಬಿಗೆ ಸಿಗಲ್ಲ, ಗೋಡೆಗೇ ಅಂಟಿಕೊಳ್ಳುತ್ತದೆ. ಅದಕ್ಕೆ ಹೊಗೆಯೊಳಗೇ ಇನ್‌ಫ್ರಾರೆಡ್ ಬೆಳಕು ಹಾಯಿಸಿ ಅಳೆಯಬೇಕು. ಆ ಯಂತ್ರ ನನ್ನ ಹತ್ತಿರ ಇಲ್ಲ.

ಕತ್ತಲಾಯಿತು, ಕ್ಯಾಮೆರಾದಲ್ಲಿ ಏನೂ ಕಾಣುತ್ತಿಲ್ಲ. ಆ 'ಸುಯ್' ಅನ್ನೋ ಸದ್ದು ಕೇಳಿಸಿತಾ? ಎಂಟನೇ ಡಬ್ಬಿ ತುಂಬುತ್ತಿದೆ.