ಎರಡು ಹಾಡಿನ ನಡುವಿನ ಮಾತು

ಎಲ್ಲರಿಗೂ ನಮಸ್ಕಾರ.

ಶಿವಮೊಗ್ಗದಲ್ಲಿ ನಿಂತು ರೇಡಿಯೋ ಬಗ್ಗೆ ಮಾತಾಡುವುದು ಅಂದರೆ ಭದ್ರಾವತಿ ಬಗ್ಗೆ ಮಾತಾಡಿದ ಹಾಗೇ. 675 ಕಿಲೋಹರ್ಟ್ಸಿನಲ್ಲಿ ಬರುತ್ತಿದ್ದ ಭದ್ರಾವತಿ ಆಕಾಶವಾಣಿ ಅಂದರೆ ಏನು ಅಂತ ಈ ಸಭೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಮುಳ್ಳು ಎಲ್ಲಿ ನಿಲ್ಲಬೇಕು ಅನ್ನೋದು ನಮ್ಮ ಕೈಗೇ ಗೊತ್ತಿತ್ತು, ಕಣ್ಣು ಬೇಕಿರಲಿಲ್ಲ.

ಇವತ್ತು ಫೆಬ್ರುವರಿ 13, ವಿಶ್ವ ರೇಡಿಯೋ ದಿನ. 1946ರಲ್ಲಿ ಇದೇ ದಿನ ವಿಶ್ವಸಂಸ್ಥೆಯ ರೇಡಿಯೋ ಶುರುವಾಯಿತು. ಸಂಘದವರು ನನ್ನನ್ನು ಕರೆದಾಗ ‘ರೇಡಿಯೋ ನೆನಪುಗಳು’ ಅಂತ ವಿಷಯ ಕೊಟ್ಟಿದ್ದರು. ನೆನಪಿಗಿಂತ ನನಗೆ ಒಂದು ತುರ್ತು ಇದೆ, ಅದನ್ನೇ ಹೇಳುತ್ತೇನೆ. ಹೋದ ತಿಂಗಳು ನನಗೆ ಪರಿಚಯದ ಒಂದು ಮನೆಯಲ್ಲಿ ಸುಣ್ಣಬಣ್ಣ ಮಾಡಿಸುವಾಗ ಅಟ್ಟದಿಂದ ಒಂದು ಗೋಣಿಚೀಲ ಕ್ಯಾಸೆಟ್ ಇಳಿಸಿದರು. ತೀರಿಕೊಂಡ ಯಜಮಾನರು ಇಪ್ಪತ್ತು ವರ್ಷ ರೇಡಿಯೋದಿಂದ ರೆಕಾರ್ಡ್ ಮಾಡಿಕೊಂಡಿದ್ದವು. ನನಗೆ ಸುದ್ದಿ ಗೊತ್ತಾಗಿ ಓಡಿ ಹೋಗುವಷ್ಟರಲ್ಲಿ ಗುಜರಿಯವನು ಬಂದು ಹೋಗಿದ್ದ. ಮಗ ಬಹಳ ಒಳ್ಳೆಯ ಹುಡುಗ. ನನ್ನ ಮುಖ ನೋಡಿ ಸಮಾಧಾನ ಹೇಳಿದ: “ಹಾಡೆಲ್ಲಾ ಯೂಟ್ಯೂಬಲ್ಲಿ ಇದೆಯಲ್ಲ ಸಾರ್, ಬಿಡಿ.”

ಹೌದು, ಹಾಡು ಇದೆ. ಆ ಹಾಡಿಗೆ ಮುಂಚೆ ಒಬ್ಬರು ಮಾತಾಡಿದ್ದರಲ್ಲ, ಆ ಮಾತು ಎಲ್ಲಿದೆ? ಎರಡು ಹಾಡಿನ ನಡುವೆ ಬಂದ ಆ ಅರ್ಧ ನಿಮಿಷ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಆ ಗೋಣಿಚೀಲದಲ್ಲಿ ಮಾತ್ರ ಇತ್ತು. ಇದನ್ನು ನಾನು ಇವತ್ತು ಮತ್ತೆ ಮತ್ತೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಒಂದು ಕತೆ ಹೇಳಬೇಕು. ನಮ್ಮ ಅಜ್ಜಿ ಮನೆ ಬೀರೂರು. 1983ರ ಸುಮಾರು. ನನಗೆ ಒಂಬತ್ತು ವರ್ಷ, ಬೇಸಿಗೆ ರಜೆ. ನಮ್ಮ ಚಿಕ್ಕಮ್ಮನಿಗೆ ಆಗಿನ್ನೂ ಮದುವೆ ಆಗಿರಲಿಲ್ಲ. ಮಾವ ಒಂದು ಚಪ್ಪಟೆ ಟೇಪ್ ರೆಕಾರ್ಡರ್ ತಂದಿದ್ದರು. ಟೂ-ಇನ್-ಒನ್ ಅಲ್ಲ, ಬರೀ ಟೇಪ್ ರೆಕಾರ್ಡರ್. ರೇಡಿಯೋ ಬೇರೆ, ಇದು ಬೇರೆ. ಹಾಗಾಗಿ ರೇಡಿಯೋ ಮುಂದೆ ಒಂದು ಮಣೆ ಹಾಕಿ, ಅದರ ಮೇಲೆ ಟೇಪ್ ರೆಕಾರ್ಡರ್ ಇಟ್ಟು, ಅದರ ಮೈಕಿನಲ್ಲೇ ರೆಕಾರ್ಡ್ ಮಾಡಬೇಕು. ಕೆಂಪು ಬಟನ್ನು, ಪ್ಲೇ ಬಟನ್ನು ಎರಡನ್ನೂ ಒಟ್ಟಿಗೆ ಒತ್ತಿ, ಪಾಜ್ ಹಾಕಿ ಕಾಯೋದು. ಹಾಡು ಶುರುವಾದ ತಕ್ಷಣ ಪಾಜ್ ಬಿಡೋದು. ಹಾಡು ಮುಗಿದು ಉದ್ಘೋಷಕರು ಬಾಯಿ ತೆರೆದರೆ ಮತ್ತೆ ಪಾಜ್. ಕ್ಯಾಸೆಟ್ ದುಬಾರಿ, ಅದರಲ್ಲಿ ಮಾತು ಯಾಕೆ ತುಂಬಿಸಬೇಕು? ನೀವೂ ಹೀಗೇ ಮಾಡಿದ್ದೀರಿ, ಅಲ್ವಾ? ಕೈ ಎತ್ತಿ ನೋಡೋಣ. ಸರಿ, ಹೆಚ್ಚುಕಡಿಮೆ ಎಲ್ಲರೂ.

ಆ ಹೊತ್ತಿಗೆ ಮನೆಯಲ್ಲಿ ಯಾರೂ ಉಸಿರೆತ್ತುವ ಹಾಗಿರಲಿಲ್ಲ. ಫ್ಯಾನ್ ಆಫ್. ಅಜ್ಜಿ ಒಗ್ಗರಣೆ ಹಾಕುವ ಹಾಗಿಲ್ಲ. ನಾನು ಕೆಮ್ಮು ಬಂದರೆ ಹಿತ್ತಲಿಗೆ ಓಡಬೇಕು. ಸೆಲ್ಲು ಬೇರೆ ವೀಕಾಗಿರೋದು. ಬೆಳಿಗ್ಗೆ ಆರು ಸೆಲ್ಲನ್ನೂ ಜಗಲಿ ಮೇಲೆ ಬಿಸಿಲಿಗೆ ಇಟ್ಟು ಕಾಯೋದು ನನ್ನ ಕೆಲಸ. ಬಿಸಿಲಿಗೆ ಇಟ್ಟರೆ ಜೀವ ಬರುತ್ತೆ ಅಂತ ಆಗ ಇಡೀ ಕರ್ನಾಟಕ ನಂಬಿತ್ತು. ಸ್ವಲ್ಪ ಬರುತ್ತಲೂ ಇತ್ತು.

ಚಿಕ್ಕಮ್ಮ ಕೋರಿಕೆ ಕಾರ್ಯಕ್ರಮಕ್ಕೆ ಕಾರ್ಡು ಬರೆಯುತ್ತಿದ್ದಳು. 15 ಪೈಸೆ ಪೋಸ್ಟ್ ಕಾರ್ಡು. ಹಾಡಿನ ಹೆಸರು, ಚಿತ್ರದ ಹೆಸರು, ಕೆಳಗೆ ಮನೆಯವರ ಹೆಸರು ಒಂದಾದ ಮೇಲೊಂದು. ತಿಂಗಳುಗಟ್ಟಲೆ ಬರೆದಳು. ರೇಡಿಯೋದಲ್ಲಿ ಓದಲಿಲ್ಲ. ಅಜ್ಜಿ ಅಂತೂ “ಆ ಕಾರ್ಡಿನ ದುಡ್ಡಿಗೆ ಕೊತ್ತಂಬರಿ ಸೊಪ್ಪು ಬರೋದು ಕಣೇ” ಅಂತ ಶುರು ಮಾಡಿದ್ದರು.

ಒಂದು ಭಾನುವಾರ. ಹಾಡು ರೆಕಾರ್ಡ್ ಆಗುತ್ತಾ ಇತ್ತು. ಮುಗಿಯಿತು. ಉದ್ಘೋಷಕರು ಬಂದರು: “ಮುಂದಿನ ಕೋರಿಕೆ ಬೀರೂರಿನಿಂದ”... ಟಕ್. ಅಭ್ಯಾಸಬಲ. ಚಿಕ್ಕಮ್ಮನ ಬೆರಳು ತಾನೇ ಹೋಗಿ ಪಾಜ್ ಒತ್ತಿಬಿಟ್ಟಿತು. ರೇಡಿಯೋದಲ್ಲಿ ಹೆಸರು ಬಂತು. ಅವಳ ಹೆಸರು, ಅಜ್ಜಿ ಹೆಸರು, ಮಾವನ ಹೆಸರು, ಕೊನೆಗೆ ನನ್ನ ಹೆಸರು. ಅಜ್ಜಿ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಬಂದು ರೇಡಿಯೋ ಮುಂದೆ ನಿಂತರು. ಬೀದಿಯವರಿಗೆಲ್ಲ ಕೇಳಿಸಿತ್ತು, ಕಿಟಕಿಯಲ್ಲಿ ಬಂದು “ನಿಮ್ಮದೇನ್ರೀ?” ಅಂತ ಕೇಳಿದರು. ಹಾಡು ಶುರುವಾಯಿತು. ಬೆರಳು ಮತ್ತೆ ತಾನೇ ಪಾಜ್ ಬಿಟ್ಟಿತು.

ಕ್ಯಾಸೆಟ್ಟಿನಲ್ಲಿ ಈಗ ಇರುವುದು ಇಷ್ಟು. “ಮುಂದಿನ ಕೋರಿಕೆ ಬೀರೂರಿನಿಂದ”, ಟಕ್, ಆಮೇಲೆ ಹಾಡು.

ಚಿಕ್ಕಮ್ಮನಿಗೆ ಈಗ ಅರವತ್ತು ದಾಟಿದೆ. ಮೊನ್ನೆ ಆ ಕ್ಯಾಸೆಟ್ ನನ್ನ ಕೈಗೆ ಕೊಡುವಾಗ ಹೇಳಿದಳು: “ಹಾಡು ಹೋದರೆ ಹೋಗಲಿ ಕಣೋ, ಆ ಮೂರು ಪದ ಉಳಿಸಿಕೊಡು.” ನಲವತ್ತು ವರ್ಷದ ಹಿಂದೆ ಹಾಡಿಗಾಗಿ ಮಾತನ್ನು ಕತ್ತರಿಸಿದ ಅದೇ ಚಿಕ್ಕಮ್ಮ.

ಉಳಿಸಲು ಕೂತಾಗ ಒಂದು ತಮಾಷೆ ಆಯಿತು. ಹೊಸ ಸೆಲ್ಲು ಹಾಕಿ ಕೇಳಿದರೆ ಉದ್ಘೋಷಕರ ದನಿ ಕೀಚಲು. ಹತ್ತನೇ ಕ್ಲಾಸಿನ ಹುಡುಗ ಅವಸರದಲ್ಲಿ ಓದಿದ ಹಾಗೆ. ಯಾಕೆ ಗೊತ್ತಾ? ರೆಕಾರ್ಡ್ ಮಾಡುವಾಗ ಸೆಲ್ಲು ವೀಕು, ಟೇಪು ನಿಧಾನ ಓಡಿದೆ. ಈಗ ಸರಿಯಾದ ವೇಗದಲ್ಲಿ ಓಡಿದರೆ ಎಲ್ಲವೂ ಬೇಗ ಬೇಗ. ಕಂಪ್ಯೂಟರಿನಲ್ಲಿ ನಿಧಾನ ಮಾಡಬಹುದು, ಆದರೆ ಎಷ್ಟು ಅಂತ ಗೊತ್ತಾಗಬೇಕಲ್ಲ? ಆಗ ಹೊಳೆಯಿತು. ಅದೇ ಹಾಡನ್ನು ಯೂಟ್ಯೂಬಲ್ಲಿ ಹುಡುಕಿ, ಅದರ ಶ್ರುತಿಗೆ ಕ್ಯಾಸೆಟ್ಟಿನ ಹಾಡನ್ನು ಇಳಿಸುತ್ತಾ ಬಂದೆ. ಶ್ರುತಿ ಕೂಡಿದಾಗ ಹಿಂದಿನ ಮೂರು ಪದವೂ ತಾನಾಗಿ ಸರಿಹೋಯಿತು. ಗಂಭೀರವಾದ, ಸ್ವಲ್ಪ ಮೂಗಿನಿಂದ ಬರುವ, ನಮ್ಮ ಭದ್ರಾವತಿಯ ದನಿ! ಆ ಗೋಣಿಚೀಲದ ಮನೆಯ ಹುಡುಗ ಹೇಳಿದನಲ್ಲ, ಹಾಡು ಯೂಟ್ಯೂಬಲ್ಲಿದೆ ಅಂತ. ಅದು ನನಗೆ ಬೇಕಾಗಿದ್ದು ಇದಕ್ಕೆ.

ಈಗ ವಿಷಯಕ್ಕೆ ಬರುತ್ತೇನೆ. ರೇಡಿಯೋದವರು ಇದನ್ನೆಲ್ಲ ಇಟ್ಟಿರಲ್ವಾ ಅಂತ ಜಾಸ್ತಿ ಜನ ಕೇಳುತ್ತಾರೆ. ದೊಡ್ಡ ವಿದ್ವಾಂಸರ ಕಛೇರಿ, ನಾಯಕರ ಭಾಷಣ, ಒಳ್ಳೆಯ ನಾಟಕ ಇಟ್ಟಿದ್ದಾರೆ. ಆಕಾಶವಾಣಿಯ ಭಂಡಾರ ದೊಡ್ಡದು, ಅದರಿಂದ ಸಿಡಿಗಳೂ ಬಂದಿವೆ. ಆದರೆ ಹಾಡಿನ ನಡುವಿನ ಮಾತು ನೇರ ಪ್ರಸಾರ. ಮೈಕಿನಿಂದ ಟ್ರಾನ್ಸ್‌ಮಿಟರಿಗೆ, ಅಲ್ಲಿಂದ ಗಾಳಿಗೆ. ಅದನ್ನು ಟೇಪಿಗೆ ಹಾಕುವ ಪದ್ಧತಿಯೇ ಇರಲಿಲ್ಲ. ಹಾಕಿದ್ದ ಕಾರ್ಯಕ್ರಮಗಳ ದೊಡ್ಡ ಸ್ಪೂಲು ಟೇಪುಗಳನ್ನೂ ಅಳಿಸಿ ಮತ್ತೆ ಬಳಸುತ್ತಿದ್ದರು, ಯಾಕೆಂದರೆ ಟೇಪಿಗೆ ಬೆಲೆ ಇತ್ತು. ಯಾರನ್ನೂ ದೂರುವ ಹಾಗಿಲ್ಲ. ನಾವೂ ಅದನ್ನೇ ಮಾಡಿದೆವು. ಕ್ಯಾಸೆಟ್ಟಿನ ಬೆನ್ನಿನ ಮೇಲೆ ಒಂದು ಸಣ್ಣ ಪ್ಲಾಸ್ಟಿಕ್ ಹಲ್ಲು ಇರುತ್ತಿತ್ತು. ಅದನ್ನು ಮುರಿದರೆ ಯಾರೂ ಅದರ ಮೇಲೆ ರೆಕಾರ್ಡ್ ಮಾಡುವ ಹಾಗಿಲ್ಲ. ನಾವು ಆ ತೂತಿಗೂ ಕಾಗದ ತುರುಕಿ ಹೊಸ ಹಾಡು ತುಂಬಿಸಿದೆವು.

‘ಆಕಾಶವಾಣಿ’ ಅನ್ನೋ ಹೆಸರೇ ನಮ್ಮ ಮೈಸೂರಿನದು. 1935ರ ಸೆಪ್ಟೆಂಬರ್ 10ರಂದು ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ 30 ವ್ಯಾಟಿನ ಟ್ರಾನ್ಸ್‌ಮಿಟರ್ ಇಟ್ಟು ಬಾನುಲಿ ಶುರು ಮಾಡಿದರು. 30 ವ್ಯಾಟ್ ಅಂದರೆ ಒಂದು ಸಣ್ಣ ಬಲ್ಬು! ಅಂಥ ನಾಡಿನವರು ನಾವು. ಇಲ್ಲಿ ರೇಡಿಯೋದ ಮಾತು ಅಂದರೆ ಮನೆಯವರ ಮಾತು. ‘ಇಯಂ ಆಕಾಶವಾಣೀ, ಸಂಪ್ರತಿ ವಾರ್ತಾಃ ಶ್ರೂಯಂತಾಂ, ಪ್ರವಾಚಕಃ’ ಅಂತ ನಾನು ಹೇಳಿದರೆ ಸಾಕು... ನೋಡಿ, ಅರ್ಧ ಸಭೆ ಸಂಸ್ಕೃತ ವಾರ್ತೆ ಓದುತ್ತಿದ್ದವರ ಹೆಸರು ‘ಬಲದೇವಾನಂದ ಸಾಗರಃ’ ಅಂತ ಮುಗಿಸಿತು! ಸಂಸ್ಕೃತ ಓದದವರಿಗೂ ಬಾಯಿಪಾಠ. ದನಿ ಅಷ್ಟು ಆಳಕ್ಕೆ ಇಳಿದಿದೆ.

ಸಿನಿಮಾ ಹಾಡಿನ ಕತೆ ನಿಮಗೆ ಗೊತ್ತೇ ಇದೆ. 1952ರಲ್ಲಿ ವಾರ್ತಾ ಮತ್ತು ಪ್ರಸಾರ ಮಂತ್ರಿ ಕೇಸ್ಕರ್ ಅವರ ಕಾಲದಲ್ಲಿ ಆಕಾಶವಾಣಿಯಿಂದ ಸಿನಿಮಾ ಹಾಡು ಹೊರಗೆ ಹೋಯಿತು. ಜನ ಮುಳ್ಳನ್ನು ರೇಡಿಯೋ ಸಿಲೋನಿಗೆ ತಿರುಗಿಸಿದರು. ಬುಧವಾರ ರಾತ್ರಿ 8 ಗಂಟೆಗೆ ಅಮೀನ್ ಸಯಾನಿಯವರ ಹಿಂದಿ ಹಾಡಿನ ಕಾರ್ಯಕ್ರಮ ‘ಗೀತಮಾಲಾ’. ಅವರು ಮಾತಾಡುತ್ತಿದ್ದದ್ದು ಬೊಂಬಾಯಿಯಲ್ಲಿ, ಟೇಪು ವಿಮಾನದಲ್ಲಿ ಕೊಲಂಬೋಗೆ ಹೋಗುತ್ತಿತ್ತು. 1957ರ ಅಕ್ಟೋಬರ್ 3ಕ್ಕೆ ಆಕಾಶವಾಣಿಯದೇ ವಿವಿಧ ಭಾರತಿ ಬಂತು, ಹಾಡು ಮನೆಗೆ ವಾಪಸಾಯಿತು. ನಾನು ಗಮನಿಸಿದ್ದು ಇಷ್ಟು. ಸಯಾನಿಯವರ ಗೀತಮಾಲಾವನ್ನು ಎಷ್ಟೋ ವರ್ಷದ ಮೇಲೆ ಸರೆಗಮ ಕಂಪನಿ ಸಿಡಿ ಮಾಡಿ ತಂದಾಗ, ಹಾಡಿನ ಜೊತೆ ಅವರ ಮಾತೂ ಇತ್ತು. ಆ ಮಾತಿಗಾಗಿಯೇ ಜನ ಕೊಂಡರು. ಹಾಡು ಅವರ ಹತ್ತಿರ ಮೊದಲೇ ಇತ್ತಲ್ಲ! 2024ರ ಫೆಬ್ರುವರಿಯಲ್ಲಿ ಅವರು ಹೋದಾಗ ದೇಶ ಆ ದನಿಯನ್ನು ಮತ್ತೆ ಕೇಳಿತು, ಯಾಕೆಂದರೆ ಕೇಳಲು ಇತ್ತು. ನಮ್ಮ ಭದ್ರಾವತಿಯ, ಧಾರವಾಡದ, ಮಂಗಳೂರಿನ, ಕಲಬುರಗಿಯ ಉದ್ಘೋಷಕರು ಹೋದಾಗ ನಾವು ಏನು ಕೇಳೋಣ?

ಅಮೆರಿಕದಲ್ಲಿ ಇದರ ಉಲ್ಟಾ ಆಗಿದೆ. ಅಲ್ಲಿಯ ಸಂಗೀತದ ಸ್ಟೇಷನ್ನುಗಳಲ್ಲಿ ಒಂದು ಕ್ಯಾಸೆಟ್ ಯಂತ್ರ ಇರುತ್ತಿತ್ತು. ಡಿಸ್ಕ್ ಜಾಕಿ ಮೈಕ್ ಆನ್ ಮಾಡಿದರೆ ಓಡುತ್ತೆ, ಮೈಕ್ ಆಫ್ ಆದರೆ ನಿಲ್ಲುತ್ತೆ. ಅಂದರೆ ಹಾಡು ಬಿಟ್ಟು ಬರೀ ಮಾತು ರೆಕಾರ್ಡ್. ಮೇಲಿನವರು ಕೇಳಿ ತಿದ್ದಲಿಕ್ಕೆ, ಬೇರೆ ಕಡೆ ಕೆಲಸ ಕೇಳಲಿಕ್ಕೆ ಅದು ಬೇಕಿತ್ತು. ಇದಕ್ಕೆ ಏರ್‌ಚೆಕ್ ಅಂತಾರೆ. ನ್ಯೂಯಾರ್ಕಿನ ಡಬ್ಲ್ಯುಎಬಿಸಿ ಸ್ಟೇಷನ್ 1982ರ ಮೇ 10ರಂದು ಹಾಡು ನಿಲ್ಲಿಸಿ ಬರೀ ಮಾತಿನ ಸ್ಟೇಷನ್ ಆಯಿತು. ಅದರ ಹಳೆಯ ಡಿಸ್ಕ್ ಜಾಕಿಗಳ ದನಿಯನ್ನು ಇವತ್ತಿಗೂ ಗಂಟೆಗಟ್ಟಲೆ ಕೇಳಬಹುದು. ಚಿಕ್ಕಮ್ಮನ ಬೆರಳು ಬಿಟ್ಟಿದ್ದನ್ನು ಅಲ್ಲಿ ಒಂದು ಯಂತ್ರ ಹಿಡಿದಿಟ್ಟಿತು.

ಚೀಟಿ ಬಂತು. ಹತ್ತು ನಿಮಿಷ ಅಂತೆ. ಸರಿ, ಬೇಗ ಹೇಳುತ್ತೇನೆ.

ಎಫ್‌ಎಂ ಬಗ್ಗೆ ದೊಡ್ಡದಾಗಿ ಬರೆದುಕೊಂಡು ಬಂದಿದ್ದೆ, ಸ್ವಲ್ಪವೇ ಹೇಳಿಬಿಡುತ್ತೇನೆ. ದೇಶದ ಮೊದಲ ಖಾಸಗಿ ಎಫ್‌ಎಂ, ರೇಡಿಯೋ ಸಿಟಿ, 2001ರ ಜುಲೈ 3ರಂದು ಬೆಂಗಳೂರಿನಲ್ಲೇ ಶುರುವಾಗಿದ್ದು. ಅಷ್ಟು ಹೊತ್ತಿಗೆ ಎಂಪಿ3 ಬಂದಿತ್ತು, ಮನೆಯಲ್ಲಿ ರೆಕಾರ್ಡ್ ಮಾಡುವ ಅಭ್ಯಾಸ ಬಿಟ್ಟುಹೋಗಿತ್ತು. ಹಾಗಾಗಿ ಆ ಮೊದಲ ವರ್ಷಗಳ ಆರ್‌ಜೆಗಳ ದನಿ 1983ರ ಭದ್ರಾವತಿಗಿಂತಲೂ ಅಪರೂಪ ಆಗಬಹುದು ಅಂತ ನನಗೆ ಭಯ. ವರ್ಲ್ಡ್‌ಸ್ಪೇಸ್ ನೆನಪಿದೆಯಾ? ಸ್ಯಾಟಲೈಟ್ ರೇಡಿಯೋ. ಅದರಲ್ಲಿ ಕನ್ನಡಕ್ಕೆ ‘ಸ್ಪರ್ಶ’ ಅಂತ ಒಂದು ಚಾನೆಲ್ ಇತ್ತು. 2009ರ ಕೊನೆಗೆ ಇಡೀ ಸೇವೆಯೇ ನಿಂತಿತು. ಸಮುದಾಯ ಬಾನುಲಿಗಳಿಗೆ ಪ್ರಸಾರವನ್ನು ಮೂರು ತಿಂಗಳು ಇಡಬೇಕು ಅಂತ ನಿಯಮ ಇದೆ. ನಾಲ್ಕನೇ ತಿಂಗಳಿಗೆ ಜವಾಬ್ದಾರಿ ಯಾರದು? ಇಲ್ಲಿ ಯಾರಾದರೂ ಅಂಥ ಬಾನುಲಿಯಲ್ಲಿ ಕೆಲಸ ಮಾಡುತ್ತಿದ್ದರೆ, ದಯವಿಟ್ಟು ತಿಂಗಳಿಗೆ ಒಂದು ದಿನದ ಪ್ರಸಾರವನ್ನಾದರೂ ಬೆಳಿಗ್ಗೆಯಿಂದ ರಾತ್ರಿವರೆಗೆ ಹಾಗೇ ಎತ್ತಿಡಿ.

ಕ್ಯಾಸೆಟ್ ಇರುವವರಿಗೆ ಎರಡು ಮಾತು. ಬಿಳಿ ಬೂಸ್ಟು ಕಂಡರೆ ಪ್ಲೇಯರಿಗೆ ಹಾಕಬೇಡಿ, ಬೇರೆ ಕ್ಯಾಸೆಟ್ಟಿಗೂ ಹತ್ತುತ್ತೆ. ಚೆನ್ನಾಗಿದ್ದರೆ ಮೊದಲು ಒಂದು ಸಲ ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ ಓಡಿಸಿ. ಕಂಪ್ಯೂಟರಿಗೆ ಹಾಕುವಾಗ ವೇವ್ (.wav) ಫೈಲಾಗಿ ಇಡಿ. ಒಂದು 90 ನಿಮಿಷದ ಕ್ಯಾಸೆಟ್ ಒಂದು ಜಿಬಿ ಒಳಗೇ ಆಗುತ್ತೆ. ಗೊರಗೊರ ತೆಗೆಯಲು ಹೋಗಬೇಡಿ. ಮೀಡಿಯಂ ವೇವಿನಲ್ಲಿ ಚರ್ ಚರ್ ಅಂದರೆ ಆವತ್ತು ಎಲ್ಲೋ ಮಿಂಚು ಹೊಡೆದಿದೆ ಅಂತ. ಆ ಕ್ಯಾಸೆಟ್ಟಿಗೆ ತಾರೀಕು ಹಚ್ಚಲು ಅದೂ ಒಂದು ಸಾಕ್ಷಿ. ಮುಖ್ಯವಾಗಿ, ಹಾಡು ಹಾಡಾಗಿ ಕತ್ತರಿಸಬೇಡಿ. ಒಂದು ಸಲ ಕತ್ತರಿಸಿದ್ದೇವೆ, ಸಾಕು.

ಇನ್ನು ಎರಡು ವಿಷಯ ಬಿಡುತ್ತೇನೆ, ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ.

ಕೊನೆಗೆ ಆ ಕ್ಯಾಸೆಟ್ ಹಾಕುತ್ತೇನೆ. ಹಿಂದಿನ ಹಾಡಿನ ಕೊನೆ ಬರುತ್ತೆ, ಆಮೇಲೆ ಮೂರು ಪದ, ಆಮೇಲೆ ಟಕ್, ಆಮೇಲೆ ಮುಂದಿನ ಹಾಡು. ಈ ಎರಡು ಹಾಡು ಒಂದರ ಹಿಂದೆ ಒಂದು ಬಂದ ಆ ಭಾನುವಾರದ ಕಾರ್ಯಕ್ರಮವನ್ನು ತರೀಕೆರೆಯಲ್ಲೋ, ಕಡೂರಿನಲ್ಲೋ, ಇದೇ ಶಿವಮೊಗ್ಗದಲ್ಲೋ ಇನ್ನೊಬ್ಬರು ರೆಕಾರ್ಡ್ ಮಾಡಿರಬಹುದು. ಅವರ ಕೈ ಪಾಜ್ ಒತ್ತಲು ಮರೆತಿರಬಹುದು. ನಿಮ್ಮ ಮನೆಯ ಕ್ಯಾಸೆಟ್ಟುಗಳಲ್ಲಿ ಇದೇ ಜೋಡಿ ಸಿಕ್ಕಿದರೆ ನನಗೆ ಹೇಳಿ. ಚಿಕ್ಕಮ್ಮ ಬಂದಿದ್ದಾಳೆ, ಅಲ್ಲಿ ಮೂರನೇ ಸಾಲಿನಲ್ಲಿ ಕೂತಿದ್ದಾಳೆ.

ದಯವಿಟ್ಟು ಒಂದು ನಿಮಿಷ ಯಾರಾದರೂ ಆ ಫ್ಯಾನ್ ಆಫ್ ಮಾಡುತ್ತೀರಾ?