ಅರಮನೆಯ ಮಂತ್ರಿ, ಅಸೀಲಾದ ಮೇಯರ್

ರಾಜಕಾರಣಿ ಎಂದ ಕೂಡಲೇ ನಾವು ಕೇಳುವುದು ‘ಯಾವ ಪಕ್ಷ?’ ಅಂತ. ಮೊರಾಕ್ಕೊದ ವಿಷಯದಲ್ಲಿ ‘ಯಾವ ಖಾತೆ?’ ಎಂದು ಮೊದಲು ಕೇಳಬೇಕು. ವಿದೇಶಾಂಗ, ಒಳಾಡಳಿತ, ನ್ಯಾಯ, ಧಾರ್ಮಿಕ ವ್ಯವಹಾರ, ಇವನ್ನು ಅಲ್ಲಿ ಬಹುಕಾಲದಿಂದ ‘ಸಾರ್ವಭೌಮತ್ವದ ಖಾತೆಗಳು’ ಎನ್ನುತ್ತ ಬಂದಿದ್ದಾರೆ. ಚುನಾವಣೆಯಲ್ಲಿ ಯಾರೇ ಗೆದ್ದರೂ ಈ ಖಾತೆಗಳ ಸಚಿವರ ಹೆಸರು ಅರಮನೆಯಲ್ಲೇ ತೀರ್ಮಾನವಾಗುತ್ತಿತ್ತು.

1999ರ ಏಪ್ರಿಲ್‌ನಿಂದ 2007ರ ಅಕ್ಟೋಬರ್‌ವರೆಗೆ ವಿದೇಶಾಂಗ ಸಚಿವರಾಗಿದ್ದ ಮೊಹಮ್ಮದ್ ಬೆನಾಯಿಸ್ಸಾರನ್ನೇ ನೋಡಿ. ಅವರನ್ನು ನೇಮಿಸಿದ ದೊರೆ ಎರಡನೇ ಹಸನ್ ಮೂರೇ ತಿಂಗಳಲ್ಲಿ ತೀರಿಕೊಂಡರು. ಮಗ ಆರನೇ ಮೊಹಮ್ಮದ್ ಪಟ್ಟಕ್ಕೆ ಬಂದರು. 2002ರಲ್ಲಿ ಸಮಾಜವಾದಿ ಪ್ರಧಾನಿ ಯೂಸುಫಿ ಹೋಗಿ ಯಾವ ಪಕ್ಷಕ್ಕೂ ಸೇರದ ದ್ರಿಸ್ ಜೆತ್ತು ಬಂದರು. ಬೆನಾಯಿಸ್ಸಾರ ಕುರ್ಚಿ ಮಾತ್ರ ಅಲುಗಲಿಲ್ಲ.

ಅವರು ಹುಟ್ಟಿದ್ದು 1937ರಲ್ಲಿ, ಟ್ಯಾಂಜಿಯರ್‌ನಿಂದ ದಕ್ಷಿಣಕ್ಕೆ ನಲವತ್ತು ಚಿಲ್ಲರೆ ಕಿಲೋಮೀಟರ್ ದೂರದ ಅಸೀಲಾದಲ್ಲಿ. ಪೋರ್ಚುಗೀಸರು ಕಟ್ಟಿದ ಕೋಟೆಯೊಳಗಿನ ಮೀನುಗಾರರ ಊರು ಅದು. ಅಮೆರಿಕದ ಮಿನ್ನೆಸೋಟಾದಲ್ಲಿ ಓದಿ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯಲ್ಲಿ ದುಡಿದು ಊರಿಗೆ ಮರಳಿದಾಗ ಹಳೆಯ ಪೇಟೆ ಪಾಳು ಬೀಳುತ್ತಿತ್ತು. 1976ರಲ್ಲಿ ಚಿತ್ರಕಾರ ಮೊಹಮ್ಮದ್ ಮೆಲೆಹಿ ಜೊತೆ ಪುರಸಭೆಗೆ ಆರಿಸಿ ಬಂದರು. 1978ರಲ್ಲಿ ಕಲಾ ಉತ್ಸವ ಶುರುಮಾಡಿ, ಕಲಾವಿದರನ್ನು ಕರೆಸಿ ಮನೆಗಳ ಬಿಳಿ ಗೋಡೆಗಳ ಮೇಲೆ ಚಿತ್ರ ಬರೆಸಿದರು. ಸಮುದ್ರದ ಉಪ್ಪುಗಾಳಿಗೆ ಬಣ್ಣ ನಿಲ್ಲದು, ಆದ್ದರಿಂದ ಮತ್ತೆ ಸುಣ್ಣ ಬಳಿದು ಹೊಸ ಚಿತ್ರ ಬರೆಸುವುದೇ ಪದ್ಧತಿಯಾಯಿತು. ಉತ್ಸವದ ನೆಪದಲ್ಲಿ ಊರಿನ ದುರಸ್ತಿಯೂ ನಡೆಯಿತು. 1989ರಲ್ಲಿ ಈ ಕೆಲಸಕ್ಕೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು. ಊರು ಚೆಂದವಾದದ್ದೇ ತಡ, ಹಳೆಯ ಮನೆಗಳು ಹೊರಗಿನವರ ಬೇಸಿಗೆ ಬಿಡಾರಗಳಾದವು ಎಂಬ ದೂರೂ ಹುಟ್ಟಿಕೊಂಡಿತು, ಅದರಲ್ಲಿ ಹುರುಳಿದೆ.

ಅದು ಬರೀ ಕಲೆಯ ಹುಚ್ಚಲ್ಲ. ಆಫ್ರಿಕಾ, ಅರಬ್ ದೇಶಗಳ ಕವಿಗಳು, ಮಂತ್ರಿಗಳು ಪ್ರತಿ ಬೇಸಿಗೆಯಲ್ಲಿ ಅಸೀಲಾಕ್ಕೆ ಬರುತ್ತಿದ್ದರು. ರಾಯಭಾರ ಕಚೇರಿಯಲ್ಲಿ ಸಿಗದ ಸಲಿಗೆ ಅಲ್ಲಿ ಸಿಗುತ್ತಿತ್ತು. ಬೆನಾಯಿಸ್ಸಾ 1985ರಿಂದ 1992ರವರೆಗೆ ಸಂಸ್ಕೃತಿ ಸಚಿವ, 1993ರಿಂದ ವಾಷಿಂಗ್ಟನ್‌ನಲ್ಲಿ ರಾಯಭಾರಿ. 2004ರಲ್ಲಿ ಸಹಿಯಾಗಿ 2006ರ ಜನವರಿ 1ರಂದು ಜಾರಿಗೆ ಬಂದ ಅಮೆರಿಕ-ಮೊರಾಕ್ಕೊ ಮುಕ್ತ ವ್ಯಾಪಾರ ಒಪ್ಪಂದದ ಹೊತ್ತಿಗೆ ಆ ಆರು ವರ್ಷಗಳ ಪರಿಚಯ ಉಪಯೋಗಕ್ಕೆ ಬಂದಿರಲೇಬೇಕು.

ವಿದೇಶಾಂಗ ಸಚಿವರ ಹುದ್ದೆಯ ಮಿತಿ ಬಯಲಾದದ್ದು 2002ರ ಜುಲೈನಲ್ಲಿ. ಮೊರಾಕ್ಕೊ ದಡದಿಂದ ಸುಮಾರು ಇನ್ನೂರೈವತ್ತು ಮೀಟರ್ ಆಚೆ, ಜನವಸತಿಯೇ ಇಲ್ಲದ ಒಂದು ಬಂಡೆ ದ್ವೀಪ. ಸ್ಪೇನಿನವರಿಗೆ ಅದು ಪೆರೆಹಿಲ್, ಅಂದರೆ ಪಾರ್ಸ್ಲಿ ಸೊಪ್ಪು; ಮೊರಾಕ್ಕೊದವರಿಗೆ ಲೈಲಾ. ಸಂಬಂಧ ಮೊದಲೇ ಹಳಸಿತ್ತು. ಯುರೋಪಿನ ಜೊತೆಗಿನ ಮೀನುಗಾರಿಕೆ ಒಪ್ಪಂದ 1999ರ ನವೆಂಬರ್‌ನಲ್ಲಿ ಮುಗಿದು, ಹೊಸದರ ಮಾತುಕತೆ 2001ರಲ್ಲಿ ಮುರಿದುಬಿದ್ದಿತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಮೊರಾಕ್ಕೊ ಮ್ಯಾಡ್ರಿಡ್‌ನಿಂದ ತನ್ನ ರಾಯಭಾರಿಯನ್ನು ವಾಪಸ್ ಕರೆಸಿಕೊಂಡಿತ್ತು. ಹೀಗಿರುವಾಗ ಜುಲೈ 11ರಂದು ಮೊರಾಕ್ಕೊದ ಕೆಲವೇ ಸಿಪಾಯಿಗಳು ದ್ವೀಪದಲ್ಲಿ ಇಳಿದರು. ಸ್ಪೇನಿನ ಹೊಸ ವಿದೇಶಾಂಗ ಸಚಿವೆ ಆನಾ ಪಲಾಸಿಯೊ ಅಧಿಕಾರ ವಹಿಸಿಕೊಂಡದ್ದು ಅದರ ಹಿಂದಿನ ದಿನವಷ್ಟೇ. 17ರಂದು ಸ್ಪೇನಿನ ಕಮಾಂಡೊಗಳು ಹೆಲಿಕಾಪ್ಟರ್‌ಗಳಲ್ಲಿ ಬಂದು ಆರು ಮಂದಿಯನ್ನು ಹಿಡಿದು ಗಡಿ ದಾಟಿಸಿದರು, ಗುಂಡು ಹಾರಲಿಲ್ಲ. ಬಿಕ್ಕಟ್ಟು ಬಿಡಿಸಿದ್ದು ಅಮೆರಿಕದ ವಿದೇಶಾಂಗ ಸಚಿವ ಕಾಲಿನ್ ಪೊವೆಲ್ ಅವರ ಫೋನ್ ಕರೆಗಳು. 22ರಂದು ಮೊರಾಕ್ಕೊದ ರಾಜಧಾನಿ ರಬಾತ್‌ನಲ್ಲಿ ಪಲಾಸಿಯೊ, ಬೆನಾಯಿಸ್ಸಾ ಒಟ್ಟಿಗೆ ಕೂತು, ಜುಲೈಗೆ ಮುಂಚಿನ ಸ್ಥಿತಿಗೇ ಮರಳುವ ಒಪ್ಪಂದವನ್ನು ಖಚಿತಪಡಿಸಿದರು. ದ್ವೀಪ ಯಾರದ್ದು ಎಂಬ ಪ್ರಶ್ನೆಯನ್ನು ಮುಟ್ಟಲೇ ಇಲ್ಲ; ರಾಜತಾಂತ್ರಿಕರ ಜಾಣತನ ಇರುವುದೇ ಅಲ್ಲಿ.

ಮೊರಾಕ್ಕೊ ತನ್ನದೆನ್ನುವ ಪಶ್ಚಿಮ ಸಹಾರಾದಲ್ಲಿ ಅಂಥ ಜಾಣತನಕ್ಕೆ ಜಾಗವಿರಲಿಲ್ಲ. ಅಲ್ಲಿ ಸ್ವಾತಂತ್ರ್ಯ ಸಾರಿಕೊಂಡಿದ್ದ ಸಹ್ರಾವಿ ಗಣರಾಜ್ಯವನ್ನು 1985ರಲ್ಲಿ ಮಾನ್ಯ ಮಾಡಿದ್ದ ಭಾರತ 2000ದಲ್ಲಿ ಆ ಮಾನ್ಯತೆಯನ್ನು ಹಿಂತೆಗೆದುಕೊಂಡದ್ದು ರಬಾತ್‌ಗೆ ಸಂದ ಗೆಲುವು. ಆದರೆ 2003ರಲ್ಲಿ ವಿಶ್ವಸಂಸ್ಥೆಯ ದೂತ ಜೇಮ್ಸ್ ಬೇಕರ್ ಮುಂದಿಟ್ಟ ಯೋಜನೆಯಲ್ಲಿ ಕೆಲವು ವರ್ಷಗಳ ಸ್ವಾಯತ್ತತೆಯ ನಂತರ ಜನಮತಗಣನೆ ಇತ್ತು, ಅದರಲ್ಲಿ ಸ್ವಾತಂತ್ರ್ಯದ ಆಯ್ಕೆಯೂ ಇತ್ತು. ಮೊರಾಕ್ಕೊ ಒಪ್ಪಲಿಲ್ಲ. ಮರುವರ್ಷ ಬೇಕರ್ ರಾಜೀನಾಮೆ ಕೊಟ್ಟರು. ಬರೀ ‘ಬೇಡ’ ಎಂದರೆ ಸಾಲದು, ಬದಲಿಗೆ ಏನಾದರೂ ಕೊಡಬೇಕಿತ್ತು: 2007ರ ಏಪ್ರಿಲ್‌ನಲ್ಲಿ ಸ್ವಾಯತ್ತತೆಯ ಯೋಜನೆ ವಿಶ್ವಸಂಸ್ಥೆಗೆ ಹೋಯಿತು.

ಆರು ತಿಂಗಳಿಗೆ ಹೊಸ ಸರ್ಕಾರ ಬಂದು, ಬೆನಾಯಿಸ್ಸಾರ ಕೈಕೆಳಗೆ ಸಚಿವರಾಗಿದ್ದ ತಾಯಿಬ್ ಫಾಸಿ ಫಿಹ್ರಿ ಅದೇ ಕುರ್ಚಿಗೆ ಬಂದರು. ಬೆನಾಯಿಸ್ಸಾ ಅಸೀಲಾಕ್ಕೆ ಮರಳಿದರು. 2025ರ ಫೆಬ್ರವರಿಯಲ್ಲಿ, 88ನೇ ವಯಸ್ಸಿನಲ್ಲಿ ತೀರಿಕೊಂಡಾಗಲೂ ಅವರು ಆ ಊರಿನ ಮೇಯರ್ ಆಗಿಯೇ ಇದ್ದರು.