ಶಸ್ತ್ರವೈದ್ಯರ ಕೈಯನ್ನು ಅಳೆಯುವುದು

ಮುಂಬಯಿಯ ಕನ್ನಡ ಕೇಳುಗರಿಗೆ ನಮಸ್ಕಾರ. ಪರೇಲಿನ ಆಸ್ಪತ್ರೆಯೊಂದಕ್ಕೆ ಮಗನ ಹರ್ನಿಯಾ ಶಸ್ತ್ರಚಿಕಿತ್ಸೆಗೆಂದು ಕಲಬುರಗಿ ಕಡೆಯಿಂದ ಬಂದಿದ್ದ ತಾಯಿಯೊಬ್ಬರು, ನಾನು ಕನ್ನಡದವನೆಂದು ತಿಳಿದೊಡನೆ ಕೇಳಿದ್ದು ಒಂದೇ ಮಾತು: "ಆಪರೇಶನ್ ಮಾಡಾವ್ರು ನೀವೋ, ಕಲಿಯೋ ಹುಡುಗ್ರೋ, ಸಾಹೇಬ್ರ?" ಕಲಿಯುವವರೇ ಮಾಡುತ್ತಾರೆ, ನಾನು ಎದುರಿಗೇ ನಿಂತಿರುತ್ತೇನೆ ಎಂದೆ. ಅವರು ಒಪ್ಪಿಕೊಂಡರು. ಆದರೆ ಎದುರಿಗೆ ನಿಂತ ನಾನು ಏನನ್ನು ನೋಡುತ್ತೇನೆ, ನೋಡಿದ್ದನ್ನು ಎಲ್ಲಿ ಬರೆದಿಡುತ್ತೇನೆ ಎಂಬುದನ್ನೂ ತಿಳಿಯುವ ಹಕ್ಕು ಅವರಿಗಿತ್ತು.

ಎಂ.ಎಸ್., ಅಂದರೆ ಶಸ್ತ್ರಚಿಕಿತ್ಸೆಯ ಸ್ನಾತಕೋತ್ತರ ಪದವಿಯ ತರಬೇತಿ 3 ವರ್ಷಗಳದು. ಆ ಅವಧಿಯಲ್ಲಿ ತಾವು ಮಾಡಿದ, ನೆರವಾದ ಶಸ್ತ್ರಚಿಕಿತ್ಸೆಗಳನ್ನೆಲ್ಲ ರೆಸಿಡೆಂಟ್ ವೈದ್ಯರು, ಅಂದರೆ ಈ ತರಬೇತಿಯಲ್ಲಿರುವವರು, ಲಾಗ್‌ಬುಕ್ಕಿನಲ್ಲಿ ನಮೂದಿಸುತ್ತಾರೆ. ಸಂಖ್ಯೆ ಬೇಕು, ನಿಜ. ಆದರೆ ಒಂದೇ ತಪ್ಪನ್ನು ನಲವತ್ತು ಸಲ ಮಾಡಿದವರ ಪುಟವೂ ನಲವತ್ತು ಸಲ ಚೊಕ್ಕವಾಗಿ ಮಾಡಿದವರ ಪುಟವೂ ನೋಡಲು ಒಂದೇ ತೆರನಾಗಿರುತ್ತವೆ.

ಈ ಕೊರತೆಗೆ ಉತ್ತರವಾಗಿ 1990ರ ದಶಕದಲ್ಲಿ ಕೆನಡಾದ ಟೊರಾಂಟೊದಲ್ಲಿ ರೂಪುಗೊಂಡ 'ಒಸ್ಯಾಟ್ಸ್' (OSATS) ಎಂಬ, ಶಸ್ತ್ರವೈದ್ಯರ ಕೈಚಳಕವನ್ನು ಗೊತ್ತಾದ ಕ್ರಮದಲ್ಲಿ ಅಳೆಯುವ ಪದ್ಧತಿಯು ಕೈಗೆಲಸವನ್ನು ಏಳು ಅಂಶಗಳಲ್ಲಿ ನೋಡಿ, ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ ಕೊಡುತ್ತದೆ. ಉಪಕರಣಗಳ ಅರಿವು ಮತ್ತು ಬಳಕೆ, ಸಹಾಯಕರನ್ನು ದುಡಿಸಿಕೊಳ್ಳುವ ರೀತಿ, ಮುಂದಿನ ಹೆಜ್ಜೆಯ ಸ್ಪಷ್ಟತೆ ಇವೆಲ್ಲ ಅದರಲ್ಲಿವೆ. ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಅದರ ಮೊದಲ ಅಂಶ, ಅಂಗಾಂಶದ ಬಗೆಗಿನ ಗೌರವ. ಹಲ್ಲಿರುವ ಚಿಮಟದಿಂದ ಕರುಳನ್ನು ಹಿಡಿದೆಳೆಯುವ ಕೈ ಎಷ್ಟೇ ಚುರುಕಾಗಿದ್ದರೂ ಅಪಾಯಕಾರಿ. ಗಂಟನ್ನು ಅತಿಯಾಗಿ ಬಿಗಿದರೆ ಅಂಚಿಗೆ ರಕ್ತ ಹರಿಯದೆ ಹೊಲಿಗೆ ಮಾಯದೇ ಹೋಗಬಹುದು. ವೇಗವನ್ನು ಜಾಣತನವೆಂದು ಎಣಿಸುವ ಅಭ್ಯಾಸ ನಮ್ಮ ಆಪರೇಶನ್ ಥಿಯೇಟರುಗಳಲ್ಲಿ ಇನ್ನೂ ಇದೆ, ಅದು ನನಗೆ ನೋವಿನ ಸಂಗತಿ. ಅಳೆಯಬೇಕಾದದ್ದು ಗಡಿಯಾರವನ್ನಲ್ಲ, ವ್ಯರ್ಥ ಚಲನೆಗಳನ್ನು.

ಅಂಕ ಕೊಡುವವರೂ ಮನುಷ್ಯರೇ. ಮೆಚ್ಚಿನ ಶಿಷ್ಯರಿಗೆ ಒಂದು ಅಂಕ ಹೆಚ್ಚು ಬೀಳುವುದುಂಟು. ಆದ್ದರಿಂದ ಒಬ್ಬರೇ ಗುರು ಒಂದೇ ದಿನ ನೋಡಿ ತೀರ್ಮಾನಿಸದೆ, ಬೇರೆ ಬೇರೆ ಗುರುಗಳು ವರ್ಷವಿಡೀ ಹಲವು ಸಲ ನೋಡಬೇಕು. ಮುಖ ಕಾಣದಂತೆ ಕೈಗಳನ್ನಷ್ಟೇ ಚಿತ್ರೀಕರಿಸಿದ ವಿಡಿಯೊ ನೋಡಿ ಅಂಕ ಕೊಡುವ ಕ್ರಮವೂ ಒಳ್ಳೆಯದೇ. ದಿನಕ್ಕೆ ಹತ್ತಾರು ಶಸ್ತ್ರಚಿಕಿತ್ಸೆಗಳಿರುವ ಮುಂಬಯಿಯ ದೊಡ್ಡ ಆಸ್ಪತ್ರೆಗಳಲ್ಲಿ ಇದಕ್ಕೆಲ್ಲ ಬಿಡುವೆಲ್ಲಿ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಅಂಕದ ಹಾಳೆ ತುಂಬಲು ಐದು ನಿಮಿಷ ಸಾಕು. ಕೈಗವಸು ಕಳಚಿದ ಮೇಲೆ, ಮುಂದಿನ ರೋಗಿ ಮೇಜಿಗೆ ಬರುವುದರೊಳಗೆ, ಎಲ್ಲಿ ಕೈ ತಡವರಿಸಿತೆಂದು ರೆಸಿಡೆಂಟ್‌ಗೆ ಹೇಳಿ, ಅದನ್ನೇ ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಬೇಕು.